ಗ್ಲೌಸ್ ತೊಟ್ಟ ಮಕ್ಕಳಿಗೆ ಬಾಬ್ ಟೇಲರ್ ಪಾಠ: ವಿಕೆಟ್ ಕೀಪಿಂಗ್ ಕಲಿಯುವ ಕ್ರಮ

ತುಮಕೂರಿನ ಜೂನಿಯರ್ ಕಾಲೇಜು ಮೈದಾನದಲ್ಲಿ ಬೆಳಗ್ಗೆ ಆರೂವರೆಗೆ ಮ್ಯಾಟ್ ಹಾಸಿ ಅಂಚಿಗೆ ಮೊಳೆ ಬಡಿಯುವ ಹೊತ್ತಿಗೆ ಹೊಸ ಮಕ್ಕಳು ಬಂದು ನಿಲ್ಲುತ್ತಾರೆ. ಏನು ಕಲಿಯಬೇಕೆಂದು ಕೇಳಿದರೆ ಬಹುಪಾಲು ಮಕ್ಕಳು ಬ್ಯಾಟಿಂಗ್ ಎನ್ನುತ್ತಾರೆ, ಉಳಿದವರು ಫಾಸ್ಟ್ ಬೌಲಿಂಗ್ ಎನ್ನುತ್ತಾರೆ, ಕೀಪಿಂಗ್ ಎನ್ನುವ ಮಗು ವರ್ಷಕ್ಕೆ ಒಂದೋ ಎರಡೋ ಸಿಗುತ್ತದೆ. ಹೀಗಾಗಿ ಬ್ಯಾಟಿಂಗೂ ಬಾರದ, ಬೌಲಿಂಗೂ ಒಲಿಯದ ಹುಡುಗನ ಕೈಗೆ ಗ್ಲೌಸ್ ಕೊಟ್ಟು ಹಿಂದೆ ನಿಲ್ಲಿಸುವುದು ನಮ್ಮ ಕಡೆಯ ಶಾಲಾ ತಂಡಗಳಲ್ಲಿ ಇಂದಿಗೂ ವಾಡಿಕೆಯಾಗಿದೆ. ಇದು ತಪ್ಪು ಪದ್ಧತಿ. ಕ್ಷೇತ್ರರಕ್ಷಣೆಗೆ ನಿಂತ ಹನ್ನೊಂದು ಮಂದಿಯಲ್ಲಿ ಪಂದ್ಯದ ಪ್ರತಿಯೊಂದು ಎಸೆತಕ್ಕೂ ಸಿದ್ಧನಾಗಿ ಕೂರಬೇಕಾದವನು ಕೀಪರ್ ಒಬ್ಬನೇ. ಆದ್ದರಿಂದ ಈ ಕೆಲಸವನ್ನು ಮೊದಲ ದಿನದಿಂದಲೇ ಕ್ರಮವಾಗಿ ಕಲಿಯಬೇಕು ಮತ್ತು ಕಲಿಸಬೇಕು. ಅದನ್ನು ಕಲಿಯುವ ಬಗೆಯನ್ನು ಇಂಗ್ಲೆಂಡಿನ ಕೌಂಟಿ (ಅಲ್ಲಿನ ಜಿಲ್ಲಾ ತಂಡ) ಕೀಪರ್ ಬಾಬ್ ಟೇಲರ್ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಟೇಲರ್ ಅವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1941ರಲ್ಲಿ ಸ್ಟೋಕ್‌ನಲ್ಲಿ ಹುಟ್ಟಿದ ಅವರು 1960ರಲ್ಲಿ ಪ್ರಥಮ ದರ್ಜೆಯ (ಹಲವು ದಿನ ನಡೆಯುವ ಉನ್ನತ ಮಟ್ಟದ ಕ್ರಿಕೆಟ್) ಮೊದಲ ಪಂದ್ಯ ಆಡಿದರು. ಮರುವರ್ಷ ಡರ್ಬಿಷೈರ್ ತಂಡದ ಹಿರಿಯ ಕೀಪರ್ ಜಾರ್ಜ್ ಡಾಕ್ಸ್ ಗಾಯಗೊಂಡಾಗ ಸಿಕ್ಕ ಜಾಗವನ್ನು ಅವರು 1984ರವರೆಗೂ ಬಿಟ್ಟುಕೊಡಲಿಲ್ಲ. 639 ಪ್ರಥಮ ದರ್ಜೆ ಪಂದ್ಯಗಳಲ್ಲಿ 1,473 ಕ್ಯಾಚ್ ಮತ್ತು 176 ಸ್ಟಂಪಿಂಗ್, ಒಟ್ಟು 1,649 ಮಂದಿಯನ್ನು ಔಟ್ ಮಾಡಿದ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಇಷ್ಟೆಲ್ಲಾ ಆಡಿದರೂ ಬ್ಯಾಟಿಂಗ್‌ನಲ್ಲಿ ಅವರು ಹೊಡೆದದ್ದು ಒಂದೇ ಒಂದು ಶತಕ. ಅಂದರೆ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ತಂಡದಲ್ಲಿ ಉಳಿದದ್ದು ಕೇವಲ ಕೈಗಳ ಬಲದಿಂದ.

ಕನ್ನಡಿಗರಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೂ ಹತ್ತಿರದ್ದು. 1980ರ ಫೆಬ್ರುವರಿಯಲ್ಲಿ ಮುಂಬೈಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕರಾಗಿದ್ದವರು ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಕಂಗೆಟ್ಟಿದ್ದಾಗ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ವಾಪಸ್ ಕರೆಸಿದರು. ಟೇಲರ್ 43 ರನ್ ಗಳಿಸಿ ಇಯಾನ್ ಬಾಥಮ್ ಜೊತೆ 171 ರನ್ ಸೇರಿಸಿದರು, ಭಾರತ ಆ ಪಂದ್ಯವನ್ನು ಸೋತಿತು. ವಿಶ್ವನಾಥ್ ಅವರ ದೊಡ್ಡತನವನ್ನು ನಾವೆಲ್ಲ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಅದೇ ಪಂದ್ಯದಲ್ಲಿ ಟೇಲರ್ ಮೊದಲ ಇನಿಂಗ್ಸ್‌ನಲ್ಲಿ 7, ಎರಡನೆಯದರಲ್ಲಿ 3, ಒಟ್ಟು 10 ಕ್ಯಾಚ್ ಹಿಡಿದು ಅಂದಿನ ವಿಶ್ವದಾಖಲೆ ಬರೆದದ್ದನ್ನು ಕೀಪರ್ ಆಗಬಯಸುವವರು ಮರೆಯಬಾರದು. ಆಗ ಅವರಿಗೆ 38 ವರ್ಷ. ಭಾರತದ ಪರವಾಗಿ ಸ್ಟಂಪ್ ಹಿಂದೆ ನಿಂತಿದ್ದವರು ನಮ್ಮವರೇ ಆದ ಸಯ್ಯದ್ ಕಿರ್ಮಾನಿ.

ನಿಲ್ಲುವ ಜಾಗವನ್ನು ಗೊತ್ತುಮಾಡಿಕೊಳ್ಳುವುದು

ವೇಗದ ಬೌಲರ್‌ಗೆ ಎಷ್ಟು ದೂರ ನಿಲ್ಲಬೇಕೆಂಬುದನ್ನು ಹೆಜ್ಜೆ ಎಣಿಸಿ ಹೇಳಲಾಗದು. ಪುಟಿದೆದ್ದ ಚೆಂಡು ತನ್ನ ಎತ್ತರದ ತುದಿ ಮುಟ್ಟಿ ಇಳಿಯತೊಡಗಿದಾಗ ನಿಮ್ಮ ಸೊಂಟದ ಎತ್ತರಕ್ಕೆ ಸಿಗುವ ಜಾಗವೇ ಸರಿಯಾದ ಜಾಗ. ಅದು ಎದೆಗೆ ಬರುತ್ತಿದ್ದರೆ ನೀವು ಮುಂದೆ ನಿಂತಿದ್ದೀರಿ, ಮೊಣಕಾಲಿಗೆ ಬರುತ್ತಿದ್ದರೆ ಹಿಂದೆ ನಿಂತಿದ್ದೀರಿ. ಮ್ಯಾಟಿನ ಮೇಲೆ ಚೆಂಡು ಹೆಚ್ಚು ಪುಟಿಯುವುದರಿಂದ ಹುಲ್ಲಿನ ಪಿಚ್‌ಗಿಂತ ಒಂದೆರಡು ಹೆಜ್ಜೆ ಹಿಂದಕ್ಕೆ ಹೋಗಬೇಕಾಗುತ್ತದೆ. ಏಪ್ರಿಲ್‌ನ ತಣ್ಣನೆಯ ಒದ್ದೆ ಪಿಚ್‌ಗಳಲ್ಲಿ ಋತು ಆರಂಭಿಸುವ ಕೌಂಟಿ ಕೀಪರ್‌ಗಳಿಗೆ ಚೆಂಡು ಬೇಗ ಇಳಿಯುವುದರಿಂದ ಅವರು ಮುಂದಕ್ಕೆ ಬರುತ್ತಾರೆ. ಅಲ್ಲಿ ಬಳಸುವ ಡ್ಯೂಕ್ಸ್ ಚೆಂಡು ಬ್ಯಾಟನ್ನು ದಾಟಿದ ಮೇಲೂ ಗಾಳಿಯಲ್ಲಿ ಓಲಾಡುವ ಕಾರಣ, ಕೊನೆಯ ಗಳಿಗೆಯವರೆಗೆ ಕೈಗಳನ್ನು ಸಡಿಲವಾಗಿ ಇಟ್ಟುಕೊಳ್ಳುವ ಅಭ್ಯಾಸ ಅವರಿಗೆ ತಾನಾಗಿಯೇ ಬರುತ್ತದೆ.

ಬಲಗೈ ಬ್ಯಾಟರ್ ಇದ್ದಾಗ ತಲೆ ಆಫ್ ಸ್ಟಂಪಿನಿಂದ ತುಸು ಹೊರಗಿರಲಿ. ಬೌಲರ್‌ನ ಕೈ ಪೂರ್ತಿ ಕಾಣುವಂತೆ ನಿಂತಿದ್ದೀರಾ ಎಂಬುದನ್ನು ಪ್ರತಿ ಓವರ್ ಆರಂಭದಲ್ಲಿ ನೋಡಿಕೊಳ್ಳಿ.

ಕೂರುವುದು ಮತ್ತು ಏಳುವುದು

ನನ್ನ ಅನುಭವದಲ್ಲಿ ಮಕ್ಕಳು ಬಿಡುವ ಚೆಂಡುಗಳಲ್ಲಿ ಹೆಚ್ಚಿನವು ಕೈಯಿಂದ ತಪ್ಪುವುದಿಲ್ಲ, ಬೇಗ ಎದ್ದು ನಿಂತದ್ದರಿಂದ ತಪ್ಪುತ್ತವೆ. ಕಳೆದ ಬೇಸಿಗೆ ಶಿಬಿರದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬೆರಳು ಹಿಡಿದುಕೊಂಡು ಬಂದು, “ಸರ್, ಬಾಲ್ ಕೆಳಗೇ ಉಳೀತು, ಬೆರಳಿಗೆ ಬಡೀತು” ಎಂದಳು. “ಬಾಲ್ ಕೆಳಗೆ ಉಳೀಲಿಲ್ಲ ಪುಟ್ಟಿ, ನೀನು ಮೇಲೆ ಹೋದೆ” ಎಂದೆ. ನಂಬಲಿಲ್ಲ. ಅವಳ ತಂದೆಯ ಮೊಬೈಲಿನಲ್ಲಿ ಪಕ್ಕದಿಂದ ಆರು ಎಸೆತ ಚಿತ್ರೀಕರಿಸಿ ತೋರಿಸಿದೆ. ಬೌಲರ್ ತೋಳು ತಿರುಗಿಸುವ ಹೊತ್ತಿಗೇ ಅವಳ ಮೊಣಕಾಲು ನೆಟ್ಟಗಾಗಿತ್ತು, ಗ್ಲೌಸ್ ಹೊಟ್ಟೆಯ ಮಟ್ಟದಲ್ಲಿತ್ತು, ಚೆಂಡು ಬಂದಾಗ ಅವಳು ಕೈಗಳನ್ನು ಕೆಳಕ್ಕೆ ಬೀಸುತ್ತಿದ್ದಳು. ಮೂರು ವಾರ ನಾವು ಬೇರೇನನ್ನೂ ಮಾಡಲಿಲ್ಲ, ಏಳುವುದನ್ನು ಮಾತ್ರ ತಿದ್ದಿದೆವು.

ಕ್ರಮ ಹೀಗಿದೆ. ಪಾದಗಳನ್ನು ಭುಜದಷ್ಟು ಅಗಲಿಸಿ, ಭಾರವನ್ನು ಪಾದದ ಮುಂಭಾಗಕ್ಕೆ ಕೊಟ್ಟು ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ. ಗ್ಲೌಸಿನ ಬೆರಳ ತುದಿಗಳು ನೆಲವನ್ನು ಮುಟ್ಟುವಂತಿರಲಿ, ಅಂಗೈಗಳು ಬೌಲರ್ ಕಡೆಗೆ ತೆರೆದಿರಲಿ, ಕಿರುಬೆರಳುಗಳು ಒಂದನ್ನೊಂದು ತಾಗಲಿ. ದೂರ ನಿಂತಾಗ ಚೆಂಡು ನೆಲಕ್ಕೆ ಬೀಳುವ ಹೊತ್ತಿಗೆ ಸೊಂಟವನ್ನು ಮೆಲ್ಲಗೆ ಎತ್ತಿ, ಪುಟಿದ ಚೆಂಡಿನ ಜೊತೆಜೊತೆಗೇ ಕೈಗಳು ಮೇಲಕ್ಕೆ ಬರಬೇಕು. ಕೆಳಗಿರುವ ಕೈಯನ್ನು ಚೆಂಡಿನೊಂದಿಗೆ ಮೇಲಕ್ಕೆ ತರುವುದು ದೇಹಕ್ಕೆ ಸಹಜ, ಮೇಲಿರುವ ಕೈಯನ್ನು ಇಳಿಯುವ ಚೆಂಡಿನ ಹಿಂದೆ ಅಟ್ಟುವುದು ಬಹಳ ಕಷ್ಟ. ಇದೊಂದು ಮಾತನ್ನು ಮಗುವಿನ ಮನಸ್ಸಿಗೆ ನಾಟಿಸಿದರೆ ಅರ್ಧ ಕೀಪಿಂಗ್ ಕಲಿಸಿದಂತೆ. ಟೇಲರ್ ಅವರ ಹಳೆಯ ದೃಶ್ಯಗಳನ್ನು ನೋಡುವ ಅವಕಾಶ ಸಿಕ್ಕರೆ ಅವರು ಎಷ್ಟು ಹೊತ್ತು ಕೆಳಗೇ ಉಳಿಯುತ್ತಾರೆ, ಎಷ್ಟು ಕಡಿಮೆ ಅಲುಗಾಡುತ್ತಾರೆ ಎಂಬುದನ್ನೇ ಗಮನಿಸಿ. ಅವರ ಕೀಪಿಂಗ್‌ನಲ್ಲಿ ಹಾರಾಟ ಬಹಳ ಕಡಿಮೆ, ಏಕೆಂದರೆ ಹಾರಬೇಕಾದಲ್ಲಿಗೆ ಅವರ ಕಾಲು ಮೊದಲೇ ತಲುಪಿರುತ್ತಿತ್ತು.

ಚೆಂಡನ್ನು ಬರಮಾಡಿಕೊಳ್ಳುವ ಕೈ

ಚೆಂಡಿನ ಕಡೆಗೆ ಬೆರಳು ತೋರಿಸಬಾರದು ಎಂಬುದು ಈ ಕೆಲಸದ ಮೊದಲ ನಿಯಮ. ಸೊಂಟಕ್ಕಿಂತ ಕೆಳಗಿನ ಚೆಂಡಿಗೆ ಬೆರಳುಗಳು ನೆಲದತ್ತ, ಎದೆಗಿಂತ ಮೇಲಿನದಕ್ಕೆ ಆಕಾಶದತ್ತ ಇರಬೇಕು. ಎರಡರ ನಡುವಿನ ಎತ್ತರಕ್ಕೆ ಬರುವ ಚೆಂಡಿಗೆ ದೇಹವನ್ನು ಪಕ್ಕಕ್ಕೆ ಸರಿಸಿ ಕೈಗಳಿಗೆ ಜಾಗ ಮಾಡಿಕೊಡಬೇಕು. ನನ್ನ ಬಲಗೈ ಉಂಗುರದ ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಆಡಿದ ಒಂದು ಶಾಲಾ ಪಂದ್ಯದಲ್ಲಿ ಮ್ಯಾಟಿನ ಅಂಚಿಗೆ ಬಿದ್ದು ದಿಕ್ಕು ಬದಲಿಸಿದ ಚೆಂಡಿಗೆ ಬೆರಳನ್ನು ಚಾಚಿದ್ದರ ಗುರುತು ಅದು. ಆಗ ನನಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ, ಆದ್ದರಿಂದಲೇ ಈಗ ಪ್ರತಿ ಮಗುವಿಗೂ ಮೊದಲ ದಿನವೇ ಹೇಳುತ್ತೇನೆ.

ಚೆಂಡು ಸರಿಯಾಗಿ ಬಂತೋ ಇಲ್ಲವೋ ಎಂಬುದನ್ನು ಕಿವಿಯಿಂದಲೇ ತಿಳಿಯಬಹುದು. ಅಂಗೈ ಗುಳಿಗೆ ಬಿದ್ದ ಚೆಂಡು ‘ದಪ್’ ಎಂದು ಮೆತ್ತಗೆ ಕೂರುತ್ತದೆ, ಬೆರಳ ಬುಡಕ್ಕೆ ಬಿದ್ದದ್ದು ‘ಚಟ್’ ಎನ್ನುತ್ತದೆ. ಚೆಂಡು ತಾಗಿದ ಕ್ಷಣದಲ್ಲಿ ಕೈಗಳು ಅದರ ದಾರಿಯಲ್ಲೇ ಒಂದು ಗೇಣಿನಷ್ಟು ಹಿಂದಕ್ಕೆ ಬಂದರೆ ‘ಚಟ್’ ಸದ್ದು ಕಡಿಮೆಯಾಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡವರಿಗೆ ಇದು ಸಾಧ್ಯವಿಲ್ಲವಾದ್ದರಿಂದ ಅವು ದೇಹದಿಂದ ಬಿಡಿಸಿಕೊಂಡಿರಬೇಕು.

ಇದಕ್ಕೆ ಬೇಕಾದ ಅಭ್ಯಾಸಕ್ಕೆ ಕಾಂಪೌಂಡ್ ಗೋಡೆ ಮತ್ತು ಟೆನಿಸ್ ಚೆಂಡು ಸಾಕು. ಗೋಡೆಯಿಂದ ನಾಲ್ಕು ಮೀಟರ್ ದೂರದಲ್ಲಿ ಕುಳಿತು, ಬರಿಗೈಯಲ್ಲಿ, ಗೋಡೆಗೆ ಎಸೆದ ಚೆಂಡನ್ನು ಎರಡು ಕೈಯಲ್ಲಿ ನೂರು ಬಾರಿ, ಬಲಗೈಯೊಂದರಲ್ಲಿ ಐವತ್ತು ಬಾರಿ, ಎಡಗೈಯೊಂದರಲ್ಲಿ ಐವತ್ತು ಬಾರಿ ಹಿಡಿಯಿರಿ. ಬರಿಗೈ ಸುಳ್ಳು ಹೇಳುವುದಿಲ್ಲ, ಗಟ್ಟಿಯಾಗಿ ಹಿಡಿಯಲು ಹೋದರೆ ಚೆಂಡು ಪುಟಿದು ಹೊರಕ್ಕೆ ಹೋಗುತ್ತದೆ.

ಸ್ಟಂಪಿಗೆ ಅಂಟಿ ನಿಂತಾಗ

ಕೀಪರ್‌ನ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಸ್ಪಿನ್ ಬೌಲರ್‌ಗೆ, ಮಧ್ಯಮ ವೇಗದವರಿಗೆ ಸ್ಟಂಪಿನ ಹಿಂದೆಯೇ ಕೂರುವಾಗ, ಪಾದ ಕದಲಿಸದೆ ಕೈ ಚಾಚಿದರೆ ಬೇಲ್ಸ್ (ಸ್ಟಂಪುಗಳ ಮೇಲಿನ ಕಿರುಕಡ್ಡಿಗಳು) ಸಿಗುವಷ್ಟು ಹತ್ತಿರದಲ್ಲಿರಬೇಕು, ಆದರೆ ಗ್ಲೌಸಿನ ಒಂದು ಎಳೆಯೂ ಸ್ಟಂಪಿನಿಂದ ಮುಂದಕ್ಕೆ ಬರಬಾರದು. ಚೆಂಡು ಬ್ಯಾಟಿಗೋ ಬ್ಯಾಟರ್‌ನ ಮೈಗೋ ತಾಗುವವರೆಗೆ, ಇಲ್ಲವೇ ಸ್ಟಂಪನ್ನು ದಾಟುವವರೆಗೆ, ಇಲ್ಲವೇ ಬ್ಯಾಟರ್ ರನ್ನಿಗೆ ಹೊರಡುವವರೆಗೆ ಕೀಪರ್ ಪೂರ್ತಿಯಾಗಿ ಸ್ಟಂಪಿನ ಹಿಂದೆಯೇ ಇರಬೇಕೆಂದು 27ನೇ ನಿಯಮ ಹೇಳುತ್ತದೆ. ತಪ್ಪಿದರೆ ಅದು ನೋ ಬಾಲ್, ಎಷ್ಟೇ ಚೆನ್ನಾಗಿ ಬೇಲ್ಸ್ ಹಾರಿಸಿದರೂ ಸ್ಟಂಪಿಂಗ್ ಸಿಗುವುದಿಲ್ಲ. ಈ ನಿಯಮ ತಿಳಿಯದೆ ಸಿಕ್ಕ ವಿಕೆಟ್ ಕಳೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ.

ಹತ್ತಿರ ಕುಳಿತಾಗ ಚೆಂಡು ನೆಲದಿಂದ ಪುಟಿಯುವವರೆಗೂ ಏಳಬೇಡಿ. ಆಫ್ ಕಡೆಯ ಚೆಂಡು ಕಣ್ಣಿಗೆ ಕಾಣುತ್ತದೆ, ಅಲ್ಲಿ ತೊಂದರೆ ಕಡಿಮೆ. ಲೆಗ್ ಕಡೆಯದು ಹಾಗಲ್ಲ. ಬ್ಯಾಟರ್‌ನ ದೇಹ ಅಡ್ಡ ಬಂದು ಒಂದು ಕ್ಷಣ ಚೆಂಡು ಮರೆಯಾಗುತ್ತದೆ, ಆ ಕ್ಷಣದಲ್ಲಿ ಮಕ್ಕಳು ಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಹಿಂದಕ್ಕೆ ಹೋದವರಿಗೆ ಸ್ಟಂಪ್ ದೂರವಾಯಿತು. ಬಲಗೈ ಬ್ಯಾಟರ್ ಆಡುತ್ತಿದ್ದರೆ ಎಡಗಾಲನ್ನು ಗೆರೆಗೆ ಸಮಾನಾಂತರವಾಗಿ ಪಕ್ಕಕ್ಕೆ ಇಡಿ, ತಲೆ ಆ ಕಾಲಿನ ಮೇಲೆ ಬರಲಿ, ಬಲಗಾಲು ಇದ್ದಲ್ಲೇ ಇದ್ದರೆ ಚೆಂಡು ಸಿಕ್ಕೊಡನೆ ದೇಹ ತೂಗಿ ಸ್ಟಂಪಿನತ್ತ ಮರಳುತ್ತದೆ. 1991ರ ಜನವರಿಯಲ್ಲಿ ಸಿಡ್ನಿಯಲ್ಲಿ ಗ್ಲಾಸ್ಟರ್‌ಷೈರ್‌ನ ಜ್ಯಾಕ್ ರಸೆಲ್ ಅವರು ಗ್ಲ್ಯಾಡ್‌ಸ್ಟನ್ ಸ್ಮಾಲ್ ಅವರ ಲೆಗ್ ಕಡೆಯ ಎಸೆತದಲ್ಲಿ ಡೀನ್ ಜೋನ್ಸ್ ಅವರನ್ನು ಸ್ಟಂಪ್ ಮಾಡಿದ್ದು ಇದೇ ಚಲನೆಯಿಂದ. ಬೌಲಿಂಗ್ ಸ್ಪಿನ್ ಅಲ್ಲ, ವೇಗದ್ದು ಎಂಬುದನ್ನು ಗಮನಿಸಬೇಕು. ಇದೇ ರಸೆಲ್ 2002ರಲ್ಲಿ ಎದುರಾಳಿ ನಾರ್ಥಾಂಪ್ಟನ್‌ಷೈರ್ 746 ರನ್ ಪೇರಿಸಿದಾಗಲೂ ಒಂದೇ ಒಂದು ಬೈ (ಬ್ಯಾಟಿಗೂ ಮೈಗೂ ತಾಗದೆ ಕೀಪರ್‌ನನ್ನು ದಾಟಿದ ಚೆಂಡಿಗೆ ಸಿಗುವ) ರನ್ ಬಿಟ್ಟುಕೊಡಲಿಲ್ಲ. ನಮ್ಮ ಜಾವಗಲ್ ಶ್ರೀನಾಥ್ 1995ರಲ್ಲಿ ಗ್ಲಾಸ್ಟರ್‌ಷೈರ್‌ಗೆ ಆಡಿದಾಗ ಆ ತಂಡದ ಕೀಪರ್ ಅವರೇ ಆಗಿದ್ದರು.

ಲೆಗ್ ಕಡೆಯ ಅಭ್ಯಾಸಕ್ಕೆ ನಾವು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬ್ಯಾಟರ್ ನಿಲ್ಲುವ ಜಾಗದಲ್ಲಿಟ್ಟು ಅದರ ಬೆನ್ನಿಗೆ ದಪ್ಪ ಟವೆಲ್ ಹೊದಿಸುತ್ತೇವೆ. ಹತ್ತು ಹೆಜ್ಜೆ ದೂರದಿಂದ ಇನ್ನೊಬ್ಬರು ಕುರ್ಚಿಯ ಎಡಪಕ್ಕಕ್ಕೆ ಚೆಂಡು ಎಸೆಯುತ್ತಾರೆ. ಟವೆಲ್ ಮರೆಯಿಂದ ಹೊರಬಂದ ಚೆಂಡನ್ನು ಹಿಡಿದು ಬೇಲ್ಸ್ ತೆಗೆಯಬೇಕು. ಮೊದಲ ವಾರ ಇಪ್ಪತ್ತರಲ್ಲಿ ಐದು ಸಿಕ್ಕರೂ ಬೇಸರಪಡಬೇಡಿ.

ಕೆಂಟ್ ಕೌಂಟಿಯ ಲೆಸ್ ಏಮ್ಸ್ ಅವರ ಲೆಕ್ಕವನ್ನು ನೋಡಿದರೆ ಸ್ಪಿನ್ ಬೌಲರ್ ಮತ್ತು ಕೀಪರ್ ಒಬ್ಬರನ್ನೊಬ್ಬರು ಹೇಗೆ ಬೆಳೆಸುತ್ತಾರೆಂಬುದು ತಿಳಿಯುತ್ತದೆ. ಲೆಗ್ ಸ್ಪಿನ್ನರ್ ಟಿಚ್ ಫ್ರೀಮನ್ 1928ರ ಒಂದೇ ಋತುವಿನಲ್ಲಿ 304 ವಿಕೆಟ್ ಪಡೆದಾಗ ಹಿಂದೆ ಇದ್ದವರು ಏಮ್ಸ್. 1932ರಲ್ಲಿ ಅವರು 64 ಸ್ಟಂಪಿಂಗ್ ಮಾಡಿದರು, ವೃತ್ತಿಜೀವನದಲ್ಲಿ ನಾನೂರಕ್ಕೂ ಹೆಚ್ಚು. ಆದ್ದರಿಂದ ನಿಮ್ಮ ತಂಡದ ಸ್ಪಿನ್ನರ್ ನೆಟ್ಸ್‌ನಲ್ಲಿ ಬೌಲ್ ಮಾಡುವಾಗಲೆಲ್ಲ ಹಿಂದೆ ಹೋಗಿ ಕುಳಿತುಕೊಳ್ಳಿ. ಅವನ ಗೂಗ್ಲಿಯನ್ನು (ಎಂದಿನ ತಿರುವಿಗೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತ) ಎದುರಾಳಿಗಿಂತ ಮೊದಲು ನೀವು ಗುರುತಿಸಬೇಕು.

ಗ್ಲೌಸ್, ಇನ್ನರ್, ಹೆಲ್ಮೆಟ್

ಅಂಗಡಿಯಲ್ಲಿ ಗ್ಲೌಸ್ ಆರಿಸುವಾಗ ದಪ್ಪವನ್ನು ನೋಡಬೇಡಿ. ತೊಟ್ಟುಕೊಂಡು ಮುಷ್ಟಿ ಕಟ್ಟಿದರೆ ಅದು ಸುಲಭವಾಗಿ ಮಡಚಬೇಕು. ತೋರುಬೆರಳು ಮತ್ತು ಹೆಬ್ಬೆರಳಿನ ನಡುವೆ ಬಿಟ್ಟರೆ ಬೇರೆ ಬೆರಳುಗಳ ನಡುವೆ ಜಾಲರಿ ಇರುವ ಗ್ಲೌಸ್ ನಿಯಮಕ್ಕೆ ವಿರುದ್ಧ. ಒಳಗೆ ಹತ್ತಿಯ ಇನ್ನರ್ ಇಲ್ಲದೆ ಗ್ಲೌಸ್ ತೊಡಬಾರದು. ಇನ್ನರನ್ನು ನೀರಿನಲ್ಲಿ ಅದ್ದಿ ಹಿಂಡಿ ತೊಟ್ಟರೆ ಅದು ಕೈಗೆ ಅಂಟಿಕೊಂಡು ಕೂರುತ್ತದೆ, ಗ್ಲೌಸಿನೊಳಗೆ ಕೈ ಜಾರುವುದಿಲ್ಲ. ನಮ್ಮ ಮೈದಾನಗಳ ಕೆಂಧೂಳು ಗ್ಲೌಸಿನ ರಬ್ಬರನ್ನು ನುಣುಪಾಗಿಸಿ ಚೆಂಡು ಜಾರುವಂತೆ ಮಾಡುತ್ತದೆ. ಪ್ರತಿದಿನ ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ರಬ್ಬರ್ ಬಿರಿಯುತ್ತದೆ.

ಸ್ಟಂಪಿಗೆ ಹತ್ತಿರ ನಿಲ್ಲುವ ಮಕ್ಕಳು ಜಾಲರಿಯುಳ್ಳ ಹೆಲ್ಮೆಟ್ ಇಲ್ಲದೆ ಕೂರಲೇಬಾರದು, ಇದರಲ್ಲಿ ಮಾತುಕತೆಗೆ ಜಾಗವಿಲ್ಲ. ಮಿಡ್ಲ್‌ಸೆಕ್ಸ್‌ನ ಪಾಲ್ ಡೌಂಟನ್ ಅವರ ಕಣ್ಣಿಗೆ 1990ರ ಪಂದ್ಯವೊಂದರಲ್ಲಿ ಬೇಲ್ ಬಡಿದು ಅವರ ವೃತ್ತಿಜೀವನ ಮುಗಿಯಿತು. 2012ರಲ್ಲಿ ಸಾಮರ್‌ಸೆಟ್ ಕೌಂಟಿಯ ಟಾಂಟನ್ ಮೈದಾನದಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಅವರಿಗೂ ಹಾಗೆಯೇ ಆಯಿತು. ಇಬ್ಬರೂ ದೇಶಕ್ಕೆ ಆಡಿದ ನುರಿತ ಕೀಪರ್‌ಗಳು. ಇಂಗ್ಲೆಂಡಿನಲ್ಲಿ 18 ವರ್ಷದೊಳಗಿನವರು ಹತ್ತಿರ ನಿಂತಾಗ ಹೆಲ್ಮೆಟ್ ಕಡ್ಡಾಯ. ತಂಡದ ಕಿಟ್ಟಿನಲ್ಲಿ ಇರುವ ಬ್ಯಾಟಿಂಗ್ ಹೆಲ್ಮೆಟ್ಟೇ ಸಾಕಾಗುತ್ತದೆ, ಸರಿಯಾಗಿ ಕೂರಬೇಕಷ್ಟೆ.

ದಿನಕ್ಕೆ 576 ಬಾರಿ

ಇಂಗ್ಲೆಂಡಿನಲ್ಲಿ 18 ಪ್ರಥಮ ದರ್ಜೆ ಕೌಂಟಿಗಳಿವೆ. 1890ರಲ್ಲಿ ಅಧಿಕೃತವಾಗಿ ಆರಂಭವಾದ ಚಾಂಪಿಯನ್‌ಶಿಪ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ, ಈಗಿನ ಪಂದ್ಯಗಳು ನಾಲ್ಕು ದಿನದವು. ದಿನಕ್ಕೆ 96 ಓವರ್ ಎಂದರೆ 576 ಎಸೆತ, 576 ಬಾರಿ ಕೂತು ಏಳುವುದು. ಕೆಂಟ್‌ನ ಅಲನ್ ನಾಟ್ ಎಸೆತಗಳ ನಡುವೆಯೂ ಕೈಕಾಲು ಚಾಚಿ ಮೈ ಸಡಿಲಿಸಿಕೊಳ್ಳುತ್ತಿದ್ದುದು ಇದಕ್ಕಾಗಿಯೇ, ನೋಡುವವರಿಗೆ ಅದು ವಿಚಿತ್ರವಾಗಿ ಕಂಡರೂ ಅವರು 95 ಟೆಸ್ಟ್ ಆಡಿದರು. ನಮ್ಮಲ್ಲಿ ಮೂವತ್ತು ಓವರ್‌ಗಳ ಪಂದ್ಯಕ್ಕೆ 180 ಬಾರಿ ಕೂರಬೇಕಾಗುತ್ತದೆ. ವಾರಕ್ಕೆ ಮೂರು ದಿನ, ಆರರಂತೆ ಗುಂಪು ಮಾಡಿ, ಪ್ರತಿ ಗುಂಪಿನ ನಡುವೆ ಒಂದು ನಿಮಿಷ ಬಿಡುವು ಕೊಟ್ಟು ಕೂತು ಏಳಿ. ಹತ್ತು ಗುಂಪಿನಿಂದ ಆರಂಭಿಸಿ ಎರಡು ತಿಂಗಳಲ್ಲಿ ಮೂವತ್ತಕ್ಕೆ ಬನ್ನಿ. ಮೊಣಕಾಲು ನೋಯುತ್ತಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು, ಬೆಳೆಯುವ ವಯಸ್ಸಿನಲ್ಲಿ ನೋವನ್ನು ನುಂಗಿಕೊಂಡು ಆಡಿಸುವುದು ಸಲ್ಲದು.

ಬ್ಯಾಟಿಂಗ್ ಮತ್ತು ಕಾಯುವ ವರ್ಷಗಳು

ಟೇಲರ್ 1971ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡನೆಯ ಟೆಸ್ಟ್ ಸಿಕ್ಕಿದ್ದು 1977ರ ಕೊನೆಗೆ, ನಾಟ್ ಅವರು ಉದ್ಯಮಿ ಕೆರಿ ಪ್ಯಾಕರ್ ನಡೆಸಿದ ಖಾಸಗಿ ಸರಣಿಗೆ ಹೋದ ಮೇಲೆ. ನಡುವಿನ ಆರು ವರ್ಷಗಳಲ್ಲಿ ನಾಟ್ ಅವರ ಬ್ಯಾಟಿಂಗ್ ಇವರಿಗೆ ಅಡ್ಡವಾಗಿತ್ತು. ಒಟ್ಟು 57 ಟೆಸ್ಟ್ ಅವರಿಗೆ ದಕ್ಕಿದ್ದು ಆ ವರ್ಷಗಳಲ್ಲಿ ಡರ್ಬಿಷೈರ್‌ಗಾಗಿ ಒಂದು ದಿನವೂ ಕೈ ಕೆಡಿಸಿಕೊಳ್ಳದೆ ಆಡಿದ್ದರಿಂದ ಎಂದೇ ನಾನು ನಂಬುತ್ತೇನೆ. ಕಾಯುವುದಕ್ಕೆ ಇನ್ನೊಂದು ದಾರಿಯೂ ಇದೆ. ಬೆನ್ ಫೋಕ್ಸ್ ಅವರು ಎಸೆಕ್ಸ್‌ನಲ್ಲಿ ಜೇಮ್ಸ್ ಫಾಸ್ಟರ್ ಇದ್ದುದರಿಂದ ಗ್ಲೌಸ್ ಸಿಗದೆ ಸರ್ರೆಗೆ ಹೋದರು, 2018ರಲ್ಲಿ ಗಾಲೆಯಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 107 ರನ್ ಹೊಡೆದರು. ಒಂದೇ ಶಾಲೆಯಲ್ಲಿ ಇಬ್ಬರು ಒಳ್ಳೆಯ ಕೀಪರ್‌ಗಳಿದ್ದರೆ ಒಬ್ಬರನ್ನು ಬೇರೆ ಕ್ಲಬ್ಬಿಗೆ ಕಳುಹಿಸುವುದನ್ನು ಪಾಲಕರು ಅವಮಾನವೆಂದು ತಿಳಿಯಬೇಕಾಗಿಲ್ಲ.

ಇಂದು ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ತುಮಕೂರು ವಲಯದ ವಯೋಮಿತಿ ತಂಡಗಳ ಆಯ್ಕೆಗೆ ಹೋಗುವ ಕೀಪರ್ ಬ್ಯಾಟಿಂಗ್ ಕಲಿಯದೆ ಇರುವಂತಿಲ್ಲ, ಟೇಲರ್ ಅವರ ಕಾಲ ಮುಗಿದಿದೆ. ಆದರೂ ಹದಿನಾಲ್ಕು ವರ್ಷದವರೆಗೆ ಅಭ್ಯಾಸದ ಅರ್ಧ ಸಮಯವನ್ನು ಗ್ಲೌಸಿಗೇ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟಿಂಗನ್ನು ಮುಂದೆಯೂ ತಿದ್ದಿಕೊಳ್ಳಬಹುದು, ಬೇಗ ಏಳುವ ಚಾಳಿಯನ್ನು ದೊಡ್ಡವರಾದ ಮೇಲೆ ಬಿಡಿಸುವುದು ಬಹಳ ಕಷ್ಟ.

ಇನ್ನು ನೋಟ್ ಪುಸ್ತಕದ ವಿಷಯ. ಪಂದ್ಯ ಮುಗಿದ ಸಂಜೆ, ಗ್ಲೌಸ್ ಒರೆಸಿಟ್ಟ ಮೇಲೆ, ನಾಲ್ಕು ಸಂಗತಿಗಳನ್ನು ಬರೆಯಿರಿ: ಎಷ್ಟು ಓವರ್ ಕೀಪಿಂಗ್ ಮಾಡಿದಿರಿ, ಎಷ್ಟು ಬೈ ಹೋಯಿತು, ಯಾವ ಅವಕಾಶ ಕೈತಪ್ಪಿತು, ತಪ್ಪಿದಾಗ ಪಾದ ಎಲ್ಲಿತ್ತು. ಹಿಡಿದ ಕ್ಯಾಚುಗಳ ಲೆಕ್ಕ ಸ್ಕೋರ್ ಪುಸ್ತಕದಲ್ಲಿ ಹೇಗೂ ಇರುತ್ತದೆ, ನಿಮ್ಮ ಪುಸ್ತಕಕ್ಕೆ ಅದು ಬೇಡ. ನಾಲ್ಕನೆಯ ಸಾಲಿನಲ್ಲಿ ಒಂದೇ ಉತ್ತರ ಮೂರು ಪಂದ್ಯ ಸತತವಾಗಿ ಬಂದರೆ ಮರುದಿನ ಬೆಳಗ್ಗೆ ಆ ಪುಟವನ್ನು ತರಬೇತುದಾರರಿಗೆ ತೋರಿಸಿ, ಆ ವಾರದ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಿ.